ಊಟಿಗೂ ವೀಸಾ ಬಂತು

ಗುಂಡ್ಲುಪೇಟೆಯವರೆಗೆ ನೀವು ಪ್ರವಾಸಿ. ಕೆಕ್ಕನಹಳ್ಳದ ತಮಿಳುನಾಡು ಗಡಿ ಬಂತು ಅಂದರೆ ಅರ್ಜಿದಾರ. ಊಟಿಗೆ ಹೋಗಲು ಇ-ಪಾಸ್ ಬೇಕು.

ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೂ ಕೊಡೈಕೆನಾಲ್‌ಗೂ ಈ ಪಾಸ್ ಶುರುವಾಯಿತು. ಮೊದಲ ವರ್ಷದ ಸೊಗಸೇ ಬೇರೆ. ಅರ್ಜಿ ಹಾಕಿದವರಿಗೆಲ್ಲ ಪಾಸ್! ಎಷ್ಟು ಗಾಡಿ ಬರುತ್ತವೆ ಅಂತ ಲೆಕ್ಕ ಹಿಡಿಯಬೇಕಿತ್ತಂತೆ. ಘಾಟಿಯಲ್ಲಿ ನಿಂತ ಗಾಡಿಗಳ ಸಾಲು ಅದಕ್ಕೆ ಸಾಲದಾಯಿತೇನೋ. 2025ರ ಬೇಸಿಗೆಗೆ ಮಿತಿ ಬಂತು. ನೀಲಗಿರಿಗೆ ವಾರದ ದಿನಗಳಲ್ಲಿ ದಿನಕ್ಕೆ 6,000 ವಾಹನ, ವಾರಾಂತ್ಯದಲ್ಲಿ 8,000. ನೋಡಿ, ಶನಿವಾರ ಬಂದರೆ ಬೆಟ್ಟಕ್ಕೂ ಎರಡು ಸಾವಿರ ಜಾಸ್ತಿ ಹೊರುವ ತಾಕತ್ತು ಬರುತ್ತದೆ.

ಮಿತಿ ಇರುವುದು ವಾಹನಕ್ಕೆ, ಮನುಷ್ಯರಿಗಲ್ಲ. ಸರ್ಕಾರಿ ಬಸ್ಸಿಗೆ ಇ-ಪಾಸ್ ಬೇಕಾಗಿಯೇ ಇಲ್ಲ. ಐವತ್ತು ಜನರನ್ನು ತುಂಬಿಕೊಂಡ ಬಸ್ಸು ಭರ್ರನೆ ಹೋಗುತ್ತದೆ. ಅದರ ಹಿಂದೆ ಏಳು ಸೀಟಿನ ಗಾಡಿಯಲ್ಲಿ ಕೂತ ಇಬ್ಬರು, ಕ್ಯೂಆರ್ ಕೋಡ್ ತೆರೆಯಲು ಸಿಗ್ನಲ್ ಹುಡುಕುತ್ತಿರುತ್ತಾರೆ. ಆ ಕಾಡಲ್ಲಿ ಆನೆಯಾದರೂ ಸಿಕ್ಕೀತು.

‘ಬಸ್ಸಲ್ಲೇ ಹೋಗಬಹುದಲ್ವಾ?’ ಅಂತ ಕೇಳಿ ನೋಡಿ. ಸ್ನೇಹವೇ ಕಡಿದುಹೋದೀತು. ‘ಬಸ್ಸಾದರೆ ಬೇಕಾದಲ್ಲಿ ನಿಲ್ಲಿಸೋಕೆ ಆಗಲ್ಲ ಗುರು’ ಅನ್ನುತ್ತಾರೆ. ಬಂಡೀಪುರ, ಮುದುಮಲೆ ಎರಡೂ ಹುಲಿ ಕಾಡು. ಅಲ್ಲಿ ಕಾರನ್ನೂ ನಿಲ್ಲಿಸುವಂತಿಲ್ಲ. ಹಾಗಂತ ಬೋರ್ಡ್ ಇದೆ. ಆ ಬೋರ್ಡಿನ ಪಕ್ಕದಲ್ಲೇ ಕಾರು ನಿಲ್ಲಿಸಿ ಚಿಪ್ಸ್ ಪ್ಯಾಕೆಟ್ ಒಡೆಯುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆ ಜೊತೆ ಸೆಲ್ಫಿಗೆ ಹೋಗಿ, ದಾಳಿಗೆ ಸಿಕ್ಕಿ, ಹೇಗೋ ಬದುಕಿದ ಒಬ್ಬರಿಗೆ ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಪುಣ್ಯಕ್ಕೆ, ಆನೆ ಪಾಸ್ ಕೇಳಲಿಲ್ಲ.

ಇನ್ನು ‘ಬೆಳಗಿನ ಖಾಲಿ ರಸ್ತೆ’ಯ ಹುಚ್ಚು. 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. ಆಂಬುಲೆನ್ಸ್, ಬೆರಳೆಣಿಕೆಯ ಸರ್ಕಾರಿ ಬಸ್ಸು ಬಿಟ್ಟರೆ ಯಾರಿಗೂ ಬಿಡುವುದಿಲ್ಲ. (ಅಲ್ಲೂ ಬಸ್ಸೇ ಗೆದ್ದಿತು, ಇರಲಿ.) ಹಾಗಾಗಿ ಬೆಂಗಳೂರಿನವರೆಲ್ಲ ನಡುರಾತ್ರಿ ಹೊರಟು, ಐದೂವರೆಗೇ ಮೇಲುಕಾಮನಹಳ್ಳಿ ಗೇಟಿನ ಮುಂದೆ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ಆರಕ್ಕೆ ಗೇಟ್ ತೆಗೆದದ್ದೇ ತಡ, ಇಡೀ ಸಿಲ್ಕ್ ಬೋರ್ಡ್ ಜಂಕ್ಷನ್ ಹಾರನ್ ಹೊಡೆಯುತ್ತಾ ಕಾಡಿಗೆ ನುಗ್ಗುತ್ತದೆ.

ಗಡಿಯಲ್ಲಿ ಪಾಸ್ ಆಯಿತು, ಹಸಿರು ಶುಲ್ಕ ಆಯಿತು. ಆಮೇಲೆ ಪ್ಲಾಸ್ಟಿಕ್ ನೀರಿನ ಬಾಟಲಿಗಾಗಿ ತಪಾಸಣೆ. ಅದು ಸರಿಯಾದ ಕೆಲಸವೇ. ಆದರೆ ಎರಡು ಟನ್ನಿನ ಗಾಡಿ ಹೊಗೆ ಬಿಡುತ್ತಾ ಮೇಲೆ ಹತ್ತಬಹುದು, ಒಂದು ಲೀಟರ್ ಬಾಟಲಿ ಮಾತ್ರ ಇಲ್ಲೇ ಇಳಿಯಬೇಕು.

ಈಗ ಎಲ್ಲರ ಕಣ್ಣು ಟಿಎನ್ 43ರ ಮೇಲೆ. ನೀಲಗಿರಿಯ ಆ ನಂಬರ್ ಪ್ಲೇಟ್ ಇದ್ದರೆ ಪಾಸ್ ಬೇಡ. ಸೆಕೆಂಡ್ ಹ್ಯಾಂಡ್ ಟಿಎನ್ 43 ಕಾರು ಎಲ್ಲಿ ಸಿಗುತ್ತದೆ ಅಂತ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ವಿಚಾರಣೆ ನಡೆಯುವ ದಿನ ದೂರವಿಲ್ಲ. ಐದು ಮನೆಯವರು ಸೇರಿ ಒಂದು ಕೊಂಡು ಗುಂಡ್ಲುಪೇಟೆಯಲ್ಲಿ ನಿಲ್ಲಿಸಿಟ್ಟರಾಯಿತು. ಗುಂಡ್ಲುಪೇಟೆವರೆಗೆ ಹೇಗೆ ಹೋಗೋದು ಅಂತೀರಾ? ಐದು ಕಾರಲ್ಲಿ.