ಪಂಜರದ ಬಾಗಿಲು ತೆಗೆಯುವ ಮೊದಲು

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಜಗಲಿಯಲ್ಲಿ ಗಿಳಿಯ ಪಂಜರ ತೂಗುವ ಮನೆಗಳು ಈಗಲೂ ಇವೆ. ಗಿಳಿ ಸಾಕಿದರೆ ಕೇಸಾಗುತ್ತದಂತೆ ಎಂಬ ಮೆಸೇಜು ವಾಟ್ಸಾಪಿನಲ್ಲಿ ತಿರುಗಲು ಶುರುವಾದ ಮೇಲೆ ಆ ಮನೆಯವರಿಗೆಲ್ಲ ಭಯ ಹತ್ತಿದೆ. ಮೆಸೇಜು ಸುಳ್ಳಲ್ಲ. ಆದರೆ ಹೆದರಿಕೊಂಡು ಕೆಲವರು ಮಾಡುತ್ತಿರುವ ಕೆಲಸ ನೋಡಿ ಸಂಕಟವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು. ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ನಮ್ಮೂರಿನ ಹಸಿರು ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ನಮ್ಮ ದೇಶದ ಕಾಡುಹಕ್ಕಿಗಳ ಮಾರಾಟ 1990–91ರಿಂದಲೇ ನಿಷಿದ್ಧ. 2022ರ ತಿದ್ದುಪಡಿ ಬಂದ ಮೇಲೆ ಈ ಗಿಳಿ ಆ ಕಾಯ್ದೆಯ ರಕ್ಷಿತ ಜೀವಿಗಳ ಎರಡನೇ ಪಟ್ಟಿಯಲ್ಲಿದೆ (ಶೆಡ್ಯೂಲ್ 2). ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಟ್ಟುಕೊಳ್ಳುವುದು, ಎಲ್ಲವೂ ತಪ್ಪು. ಪ್ರೀತಿಯಿಂದ ಸಾಕಿದ್ದು ಅಂದರೂ ವಿನಾಯಿತಿ ಇಲ್ಲ.

ಈ ಕಾನೂನು ಸರಿ ಅಂತಲೇ ನನ್ನ ಅಭಿಪ್ರಾಯ. ಗಿಳಿಗಳು ಮರಿ ಮಾಡುವುದು ಪೊಟರೆಯಲ್ಲಿ. ನಮ್ಮಲ್ಲಿ ಅಂದರೆ ಹೆಚ್ಚಾಗಿ ತಲೆ ಹೋದ ತೆಂಗಿನ ಮರದಲ್ಲಿ. ಮರಿ ತೆಗೆಯುವವರು ಆ ಪೊಟರೆಯನ್ನೇ ಕೊಚ್ಚಿ ಹಾಕುತ್ತಾರೆ. ರೆಕ್ಕೆ ಬಲಿಯದ ಮರಿಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ಜಾತ್ರೆಯಲ್ಲಿ ಕಾರ್ಡು ಎಳೆಯುವ ಶಾಸ್ತ್ರದ ಗಿಳಿ ಬಂದಿದ್ದೂ ಹೀಗೇ ಒಂದು ಪೊಟರೆಯಿಂದಲೇ ಅಲ್ವಾ?

ಆದರೆ ಹಳೆಯ ಗಿಳಿಗಳ ಗತಿ ಏನು? ನಮ್ಮ ನೆರೆಮನೆಯ ಅಕ್ಕನ ಗಿಳಿ ಕುಚ್ಚಲಕ್ಕಿ ಅನ್ನ, ಪೇರಳೆ, ಹಸಿಮೆಣಸು ತಿಂದು ಬೆಳೆದದ್ದು. ತೆಂಗಿನ ಮರ ಬಿದ್ದಾಗ ಸಿಕ್ಕಿದ ಮರಿ ಅದು. ಮೆಸೇಜು ನೋಡಿ ಅವರ ಮಗ ಬೆಳಿಗ್ಗೆ ಪಂಜರದ ಬಾಗಿಲು ತೆಗೆದು ಬಿಟ್ಟ. ಗಿಳಿ ಹಂಚಿನ ಮೇಲೆ ಹತ್ತಿ ಕುಳಿತಿತು. ಮುಂದೆ ಹಾರಲು ಅದಕ್ಕೆ ಬರಲಿಲ್ಲ. ಕಾಗೆಗಳು ಸುತ್ತುಗಟ್ಟಿದವು. ಅದು "ಅಕ್ಕಾ, ಅಕ್ಕಾ" ಅಂತ ಕೂಗುತ್ತಲೇ ಇತ್ತು. ಏಣಿ ತಂದು ಇಳಿಸುವಷ್ಟರಲ್ಲಿ ಒಂದು ಕಣ್ಣು ಹೋಗಿತ್ತು.

ಕೈತುತ್ತು ತಿಂದು ಬೆಳೆದ ಗಿಳಿಗೆ ಆಹಾರ ಹುಡುಕಲು ಗೊತ್ತಿರುವುದಿಲ್ಲ, ಗಿಡುಗ ಕಂಡರೆ ಅಡಗಲು ಗೊತ್ತಿರುವುದಿಲ್ಲ. ಕಾಡಿಗೆ ಬಿಡುವ ಮೊದಲು ದೊಡ್ಡ ಗೂಡಿನಲ್ಲಿಟ್ಟು ಹಾರಲು ಕಲಿಸಬೇಕು, ರೋಗ ಇದೆಯಾ ನೋಡಬೇಕು. ಅದು ಗೊತ್ತಿದ್ದವರ ಕೆಲಸ. ಅದಕ್ಕೇ ಹೇಳುವುದು, ದಯವಿಟ್ಟು ಸುಮ್ನೆ ಹಾರಿಸಿ ಬಿಡಬೇಡಿ. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿ.

ಹೀಗೆ ಹೇಳುವುದು ಸುಲಭ, ಹೋಗುವುದು ಕಷ್ಟ ಅಂತ ನನಗೂ ಗೊತ್ತು. ಒಪ್ಪಿಸಲು ಹೋದವನನ್ನೇ ಆರೋಪಿ ಮಾಡಿದರೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಇಲಾಖೆ ಒಂದು ಗಡುವು ಕೊಟ್ಟು, ಅಷ್ಟರೊಳಗೆ ತಾವಾಗಿ ತಂದುಕೊಟ್ಟವರ ಮೇಲೆ ಕೇಸಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಹಾವು ಮನೆಯೊಳಗೆ ಬಂದರೆ ಕೇರಳದಲ್ಲಿ ಅರಣ್ಯ ಇಲಾಖೆಯ ಸರ್ಪ ಎಂಬ ಮೊಬೈಲ್ ಆ್ಯಪ್ ಇದೆ, ತರಬೇತಿ ಪಡೆದವರು ಬಂದು ಹಿಡಿದುಕೊಂಡು ಹೋಗುತ್ತಾರೆ. ಹಾವಿಗೆ ಆಗುವುದು ಗಿಳಿಗೆ ಯಾಕೆ ಆಗಬಾರದು?

ವಿದೇಶಿ ಗಿಳಿಗಳ ಲೆಕ್ಕ ಬೇರೆ. ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಕೊಡುವ ಬಜರಿಗರ್, ಮತ್ತೆ ಕಾಕಟೀಲ್, ಇವಕ್ಕೆ ನೋಂದಣಿ ಬೇಡ. ಆದರೆ ಸನ್ ಕನೂರ್, ಮಕಾವ್, ಆಫ್ರಿಕನ್ ಗ್ರೇ ಅಂಥವು ಸೈಟಿಸ್ ಅನ್ನುವ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಆಫ್ರಿಕನ್ ಗ್ರೇಗೆ 2017ರಿಂದ ಅದೇ ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯ ರಕ್ಷಣೆ. ಇವುಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು ಅಂತ 2024ರ ಫೆಬ್ರವರಿಯಲ್ಲಿ ನಿಯಮ ಬಂತು. ಆಗಲೇ ಇದ್ದ ಹಕ್ಕಿಗಳಿಗೆ ಆರು ತಿಂಗಳ ಕಾಲಾವಕಾಶ ಇತ್ತು. ನಮ್ಮೂರಲ್ಲಿ ಎಷ್ಟು ಜನರಿಗೆ ಇದು ಗೊತ್ತಾಯಿತು? ಮಗಳ ಹುಟ್ಟುಹಬ್ಬಕ್ಕೆ ಕನೂರ್ ತಂದ ಅಪ್ಪನಿಗೆ ಮಾರಿದವನು ಏನೂ ಹೇಳಿರುವುದಿಲ್ಲ. ಕಾಗದಪತ್ರ ಇಲ್ಲದೆ ಮಾರುವವನನ್ನು ಮೊದಲು ಹಿಡಿಯಿರಿ. ಕೊಂಡವನ ಮನೆಗೆ ಆಮೇಲೆ ಹೋಗಿ.

ಇನ್ನೊಂದು ನಮ್ಮದೇ ಹಳೇ ನೋವು. ನಿಯಮ ಇಂಗ್ಲಿಷಿನಲ್ಲಿ, ಪ್ರಕಟಣೆ ಮಲಯಾಳದಲ್ಲಿ. ಕನ್ನಡ ಮಾತ್ರ ಓದಲು ಬರುವ ಅಜ್ಜ ಅಜ್ಜಿಯರಿಗೆ ಕಾನೂನು ತಲುಪುವುದು ಕೇಸಿನ ರೂಪದಲ್ಲೇ. ಎಣ್ಮಕಜೆ, ಪೈವಳಿಕೆ, ಕುಂಬ್ಡಾಜೆಯಂಥ ಪಂಚಾಯತುಗಳು ಯಾವ ಹಕ್ಕಿ ಸಾಕಬಹುದು, ಯಾವುದು ಕೂಡದು, ಯಾರಿಗೆ ಫೋನ್ ಮಾಡಬೇಕು ಅಂತ ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಿ ರೇಷನ್ ಅಂಗಡಿಗಳಲ್ಲಿ ಅಂಟಿಸಲಿ. ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನು ಕೇಳುವವನಿದ್ದೇನೆ. ನಿಮ್ಮ ವಾರ್ಡಿನಲ್ಲಿ ನೀವೂ ಕೇಳಿ.