ಎಂಜಿನ್ ಆಫ್ ಮಾಡಿ, ಹೊಗೆ ನೋಡೋಣ

ನನ್ನ ಕಾರು ಅತ್ಯಂತ ಶುದ್ಧವಾದ ಹೊಗೆ ಬಿಟ್ಟದ್ದು ಅದರ ಎಂಜಿನ್ ನಿಂತಿದ್ದಾಗ. ಇದಕ್ಕೆ ನನ್ನ ಬಳಿ ದಾಖಲೆಯಿದೆ. ದಿನಾಂಕ, ನಂಬರ್ ಪ್ಲೇಟಿನ ಚಿತ್ರ, ಕಾರ್ಬನ್ ಮಾನಾಕ್ಸೈಡ್ ಇಷ್ಟು, ಹೈಡ್ರೋಕಾರ್ಬನ್ ಇಷ್ಟು ಎಂಬ ಲೆಕ್ಕ, ಎಲ್ಲವೂ ಅದರಲ್ಲಿವೆ. ಅಂಕಿಗಳು ಎಷ್ಟು ಚೆನ್ನಾಗಿವೆಯೆಂದರೆ, ಎಣ್ಣೆನೀರು ಹಾಕಿಸಿಕೊಂಡ ಹಸುಗೂಸಿಗೆ ಸಾಂಬ್ರಾಣಿಯ ಬದಲು ನನ್ನ ಸೈಲೆನ್ಸರನ್ನೇ ಹಿಡಿಯಬಹುದು.

ದೀಪ ಹತ್ತಿದ್ದು ಚಾಮುಂಡಿ ಬೆಟ್ಟದ ತಿರುವಿನಲ್ಲಿ. ಕಾರು ಬಿಕ್ಕಳಿಸಿತು, ನಡುಗಿತು, ಎದುರಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ಚಿತ್ರವೊಂದು ಮಿಣುಕತೊಡಗಿತು. ಗಾಡಿಯನ್ನು ಬದಿಗೆ ನಿಲ್ಲಿಸಿದೆ. ‘ದರ್ಶನಕ್ಕೆ ಮೊದಲೇ ಮಂಗಳಾರತಿಯಾಯಿತು’ ಎಂದಳು ಹೆಂಡತಿ. ಸ್ವಲ್ಪ ಹೊತ್ತು ಬಿಟ್ಟು ಹೊರಟಾಗ ಮಿಣುಕುವುದು ನಿಂತಿತ್ತು, ಉರಿಯುವುದು ನಿಂತಿರಲಿಲ್ಲ.

ಕುವೆಂಪುನಗರದ ನಮ್ಮ ಬೀದಿಯಲ್ಲಿ ವೈದ್ಯರಿಗೂ ಮೆಕ್ಯಾನಿಕ್‌ಗಳಿಗೂ ಬರವಿಲ್ಲ, ಏಕೆಂದರೆ ನಿವೃತ್ತರಾದವರೆಲ್ಲ ಎರಡೂ ಆಗಿರುತ್ತಾರೆ. ಪಕ್ಕದ ಮನೆಯ ರಾಯರು ಬ್ಯಾಟರಿಯ ಟರ್ಮಿನಲ್ ಕಳಚಿ ಹತ್ತು ನಿಮಿಷ ಬಿಡಲು ಹೇಳಿದರು. ‘ಅದಕ್ಕೆ ಎಲ್ಲ ಮರೆತುಹೋಗುತ್ತದೆ’ ಎಂದರು. ಮರೆತದ್ದು ನಿಜ, ಗಡಿಯಾರದ ಹೊತ್ತನ್ನೂ ಸೇರಿಸಿ. ಮೂರನೆಯ ದಿನ ಎಂಜಿನ್ನಿಗೆ ತನ್ನ ಕಾಯಿಲೆ ನೆನಪಾಯಿತು. ಗ್ಯಾರೇಜಿನವನು ಬಾನೆಟ್ ಎತ್ತದೆಯೇ ‘ಸೆನ್ಸರ್ ಸರ್’ ಎಂದ. ಯಾವ ಸೆನ್ಸರ್ ಎಂದು ಕೇಳಿದ್ದು ಅವನಿಗೆ ಅಧಿಕಪ್ರಸಂಗವಾಗಿ ಕಂಡಿರಬೇಕು. ‘ತೊಂದರೆ ಎನಿಸಿದರೆ ದೀಪವನ್ನೇ ಕಿತ್ತುಬಿಡೋಣವೇ?’ ಎಂದು ಕೇಳಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದ ಕಾಲ ಎಷ್ಟೋ ವಾಸಿ, ಕೊನೆಯ ಪಕ್ಷ ಯಾವುದೋ ಒಂದು ಪ್ರಾಣಿಗೆ ಚಿಕಿತ್ಸೆಯಾಗುತ್ತಿತ್ತು.

ಈ ದೀಪ ಹುಟ್ಟಿದ್ದೇ ಹೊಗೆಯ ಚಾಡಿ ಹೇಳಲಿಕ್ಕೆ. ಕ್ಯಾಲಿಫೋರ್ನಿಯಾದವರು ಹೊಗೆಯಿಂದ ಕಣ್ಣುರಿದು ಹಚ್ಚಿಸಿದ ದೀಪ ಇದು. ಕಾರು ತನ್ನ ಕಾಯಿಲೆಯನ್ನು ತಾನೇ ಪತ್ತೆಹಚ್ಚಿ ಈ ದೀಪ ಹೊತ್ತಿಸುವ ವ್ಯವಸ್ಥೆ, ಅದರ ಈಗಿನ ರೂಪದಲ್ಲಿ, 1996ರಿಂದ ಅಮೆರಿಕದಲ್ಲಿ ಮಾರುವ ಕಾರುಗಳಿಗೆಲ್ಲ ಕಡ್ಡಾಯವಾಯಿತು. ನಮ್ಮಲ್ಲಿ ಭಾರತ್ ಸ್ಟೇಜ್ ನಾಲ್ಕು ಎಂಬ ಹೊಗೆ ನಿಯಮದ ಕಾರುಗಳಿಗೆ 2010ರಲ್ಲಿ ಈ ವ್ಯವಸ್ಥೆಯ ಮೊದಲ ಹಂತ, 2013ರಲ್ಲಿ ಎರಡನೆಯ ಹಂತ ಬಂತು. ಅಂದರೆ ಸರ್ಕಾರವೇ ಕಾನೂನು ಮಾಡಿ ನನ್ನ ಕಾರಿನೊಳಗೆ ಊಟಕ್ಕೆ ಏಳದ, ಕೈಯೊಡ್ಡದ, ವರ್ಗಾವಣೆ ಕೇಳದ ಒಬ್ಬ ಹೊಗೆ ಇನ್‌ಸ್ಪೆಕ್ಟರನನ್ನು ಕೂರಿಸಿದೆ. ಅವನ ವರದಿ ಬೇಕಿದ್ದವರಿಗೆಂದು ಸ್ಟೀರಿಂಗಿನ ಕೆಳಗೆ ಹದಿನಾರು ಪಿನ್ನುಗಳ ಕಿಂಡಿಯೂ ಇದೆ.

ಅದೇ ವಾರ ನನ್ನ ಎಮಿಷನ್ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಅದಿಲ್ಲದೆ ಸಿಕ್ಕಿಬಿದ್ದರೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ. ರಿಂಗ್ ರಸ್ತೆಯ ಮರದ ಕೆಳಗೆ ನಿಂತಿದ್ದ ಹೊಗೆ ಪರೀಕ್ಷೆಯ ವ್ಯಾನಿನ ಬಳಿ ಹೋದೆ. ದೀಪ ಢಾಳಾಗಿ ಉರಿಯುತ್ತಿತ್ತು, ಎಂಜಿನ್ ಹಳೆಯ ಹಿಟ್ಟಿನ ಗಿರಣಿಯಂತೆ ಕುಲುಕುತ್ತಿತ್ತು. ಈ ಸಲ ನಪಾಸು ಖಂಡಿತ, ರೋಗಕ್ಕೆ ಸರ್ಕಾರಿ ಸಾಕ್ಷಿ ಸಿಕ್ಕಿತು ಎಂದುಕೊಂಡೆ. ಹುಡುಗ ಫೋನನ್ನು ಕಿವಿಯಿಂದ ತೆಗೆಯದೆ, ‘ಎಂಜಿನ್ ಆಫ್ ಮಾಡಿ ಸರ್, ಮಾತು ಕೇಳಿಸುತ್ತಿಲ್ಲ’ ಎಂದ. ಮಾಡಿದೆ. ನಂಬರ್ ಪ್ಲೇಟಿನ ಚಿತ್ರ ತೆಗೆದುಕೊಂಡ.

‘ಸೈಲೆನ್ಸರಿಗೆ ನಳಿಗೆ ಹಾಕುವುದಿಲ್ಲವೇ?’

‘ಬೇಡ ಸರ್, ಗಾಡಿ ಚೆನ್ನಾಗಿದೆ.’

ಹಿಂದಿನ ದಿನ ತೊಳೆಸಿದ್ದು ಸಾರ್ಥಕವಾಯಿತು. ನಳಿಗೆ ತೂರಿಸಿಯೇ ಪರೀಕ್ಷಿಸುವ ಪ್ರಾಮಾಣಿಕರು ಊರಿನಲ್ಲಿ ಇಲ್ಲವೆಂದಲ್ಲ. ಅವರನ್ನು ಗುರುತಿಸುವುದು ಸುಲಭ, ಅಲ್ಲಿ ಕ್ಯೂ ಇರುವುದಿಲ್ಲ.

ನಾಚಿಕೆಯಾಗಿ, ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಸಾಧನವೊಂದನ್ನು ತರಿಸಿ ಆ ಕಿಂಡಿಗೆ ಸಿಕ್ಕಿಸಿದೆ. ಮೊಬೈಲಿನಲ್ಲಿ ಪಿ0301 ಎಂದು ಮೂಡಿತು. ಮೊದಲನೆಯ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದು ಅರ್ಥ. ಹಾಗೆ ಉರಿಯದ ಪೆಟ್ರೋಲ್ ಹೊಗೆಯ ದಾರಿಯಲ್ಲಿ ಕೂತು ಅದನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ, ಅಲ್ಲಿ ಉರಿದು, ಅದನ್ನೇ ಸುಟ್ಟುಹಾಕಬಹುದು. ದೀಪ ಸುಮ್ಮನೆ ಉರಿದರೆ ಬೇಗ ತೋರಿಸಬೇಕು, ಮಿಣುಕಿದರೆ ಓಡಿಸಲೇಬಾರದು ಎನ್ನುವುದು ಇದಕ್ಕೇ. ಬೆಟ್ಟದಲ್ಲಿ ಪಾಪದ್ದು ಅಷ್ಟು ಅಂಗಲಾಚಿತ್ತು!

ಆದರೆ ಕೋಡ್ ಹೇಳುವುದು ಕಳ್ಳತನವಾದ ಮನೆಯನ್ನು, ಕಳ್ಳನ ಹೆಸರನ್ನಲ್ಲ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ಅದಕ್ಕೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್, ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್, ಯಾರ ಮೇಲಾದರೂ ಅನುಮಾನ ಪಡಬಹುದು. ನನ್ನ ಕಾರಿನಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಇದೆ. ಎಂಜಿನ್ ತಣ್ಣಗಾದ ಮೇಲೆ ಮೊದಲನೆಯದನ್ನು ಬಿಚ್ಚಿ, ಗುರುತಿಗೆ ಕುಂಕುಮ ಇಟ್ಟು, ಎರಡನೆಯದರ ಜಾಗಕ್ಕೆ ಹಾಕಿದೆ, ಅದನ್ನು ಇಲ್ಲಿಗೆ ತಂದೆ. ಹಳೆಯ ಕೋಡ್ ಅಳಿಸಿ ಶ್ರೀರಾಂಪುರದವರೆಗೆ ಹೋಗಿ ಬಂದೆ. ದೀಪ ಮತ್ತೆ ಹತ್ತಿತು. ಈ ಸಲ ಪಿ0302. ಕುಂಕುಮ ಇಟ್ಟುಕೊಂಡ ಕಳ್ಳ ಪಕ್ಕದ ಮನೆಯಲ್ಲಿ ಸಿಕ್ಕಿಬಿದ್ದಿದ್ದ. ಒಂದು ಹೊಸ ಕಾಯಿಲ್ ತಂದು ಹಾಕಿದೆ, ದೀಪ ಆರಿತು, ಬಿಕ್ಕಳಿಕೆ ನಿಂತಿತು. ರಾಯರು ಮಾತ್ರ ಅದು ಬ್ಯಾಟರಿ ಕಳಚಿದ್ದರ ಫಲ, ನಿಧಾನವಾಗಿ ಹತ್ತಿದೆ ಎಂದೇ ನಂಬಿದ್ದಾರೆ.

ಗೆದ್ದ ಹುರುಪಿನಲ್ಲಿ, ಕ್ಯೂ ಇಲ್ಲದ ಆ ಕೇಂದ್ರವನ್ನು ಹುಡುಕಿಕೊಂಡು ಹೋಗಿ ನಿಜವಾದ ಪರೀಕ್ಷೆ ಮಾಡಿಸಿದೆ. ಎಂಜಿನ್ ಓಡಿತು, ನಳಿಗೆ ಹೊಕ್ಕಿತು, ಕಾರು ಪಾಸಾಯಿತು. ಮನೆಗೆ ಬಂದು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹೊಸದರಲ್ಲಿ ಅಂಕಿಗಳು ಹಳೆಯದಕ್ಕಿಂತ ಹೆಚ್ಚು. ದಾಖಲೆಯ ಪ್ರಕಾರ, ರಿಪೇರಿ ಮಾಡಿ ನಾನು ಕಾರನ್ನು ಕೆಡಿಸಿದ್ದೇನೆ.

ಪೊಲೀಸರು ಕೇಳಿದರೆ ತೋರಿಸಲೆಂದು ವ್ಯಾನಿನವನ ಸರ್ಟಿಫಿಕೇಟನ್ನೇ ಕಾರಿನಲ್ಲಿ ಇಟ್ಟುಕೊಂಡಿದ್ದೇನೆ.