ಹೈಡನ್ ಸಾಹೇಬರ ಸರ್ವಿಸ್ ರಿಜಿಸ್ಟರ್

ಯಾವ ಪಠ್ಯಪುಸ್ತಕವೂ ಹೇಳದ ಸತ್ಯ ಇದು. ಪೂರ್ತಿ ಓದದೆಯೇ ಫಾರ್ವರ್ಡ್ ಮಾಡಬಹುದು, ಪದ್ಧತಿ ಹಾಗೇ ಇದೆ. ಆಸ್ಟ್ರಿಯಾದ ಜೋಸೆಫ್ ಹೈಡನ್ ಸಂಗೀತಗಾರರೇ ಅಲ್ಲ. ಅದೆಲ್ಲ ಬರೀ ವೇಷ. ಅಸಲಿಗೆ ಅವರು ಪಕ್ಕಾ ಸರ್ಕಾರಿ ಗುಮಾಸ್ತ. ಅವರ ಸಿಂಫನಿಗಳಿಗೆ, ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿಗಳಿಗೆ, 1ರಿಂದ 104ರವರೆಗೆ ನಂಬರ್ ಹಾಕಿದ್ದಾರೆ. ಫೈಲಿಗಲ್ಲದೆ ಇನ್ಯಾವುದಕ್ಕೆ ಹಾಗೆ ನಂಬರ್ ಹಾಕ್ತಾರೆ?

ದಾಖಲೆ ಬೇಕಾ? 1761ರಲ್ಲಿ ಎಸ್ಟರ್‌ಹಾಜಿ ಅನ್ನುವ ಹಂಗೇರಿಯ ಶ್ರೀಮಂತ ಮನೆತನದ ಜೊತೆ ಆದ ಕರಾರು ನೋಡಿ. ಸಮವಸ್ತ್ರ, ಬಿಳಿ ಕಾಲುಚೀಲ, ತಲೆಗೆ ಪೌಡರ್. ದಿನಾ ಮಧ್ಯಾಹ್ನಕ್ಕೆ ಮುಂಚೆ ಒಂದು ಸಲ, ಆಮೇಲೆ ಇನ್ನೊಂದು ಸಲ ಹೊರಕೋಣೆಯಲ್ಲಿ ಕಾದು ನಿಂತು, ಧಣಿಗಳಿಗೆ ಇವತ್ತು ಸಂಗೀತ ಬೇಕೇ ಅಂತ ವಿಚಾರಿಸಬೇಕು. ಬೆರಳೊತ್ತುವ ಯಂತ್ರ ಒಂದಿರಲಿಲ್ಲ, ಅಷ್ಟೇ.

1765ರಲ್ಲಿ ಮೆಮೋನೂ ಬಂತು. ಧಣಿ ನಿಕೋಲಸ್‌ಗೆ ಬ್ಯಾರಿಟನ್ ಅನ್ನುವ ತಂತಿವಾದ್ಯದ ಹುಚ್ಚು. ಅದಕ್ಕೆ ಇನ್ನೂ ಜಾಸ್ತಿ ಬರೆಯಬೇಕು ಅಂತ ತಾಕೀತು. ಹೈಡನ್ ಆ ವಾದ್ಯಕ್ಕೆ ನೂರಿಪ್ಪತ್ತಕ್ಕೂ ಹೆಚ್ಚು ಟ್ರಿಯೋ (ಮೂರು ವಾದ್ಯದ ಕೃತಿ) ಬರೆದು ಗುಡ್ಡೆ ಹಾಕಿದರು. ಸಾಹೇಬರ ಹವ್ಯಾಸಕ್ಕೆ ಇಷ್ಟು ಬೆವರು ಸುರಿಸುವವನು ಕಲಾವಿದನೋ, ಬಡ್ತಿ ಕಾಯುತ್ತಿರುವವನೋ, ನೀವೇ ಹೇಳಿ.

ಇನ್ನು 1772ರ ರಜೆ ಅರ್ಜಿ. ಬೇಸಿಗೆ ಅರಮನೆಯಲ್ಲಿ ಕೂತ ಧಣಿ ಏಳುವ ಲಕ್ಷಣವೇ ಇಲ್ಲ. ವಾದ್ಯದವರ ಹೆಂಡತಿ ಮಕ್ಕಳು ಧಣಿ ಮನೆತನದ ಊರಾದ ಐಸೆನ್‌ಸ್ಟಾಟ್‌ನಲ್ಲಿ. ಹೈಡನ್ 45ನೇ ಸಿಂಫನಿ ಬರೆದರು. ಕೊನೆಯ ಭಾಗದಲ್ಲಿ ಒಬ್ಬೊಬ್ಬರೇ ನುಡಿಸೋದು ನಿಲ್ಲಿಸಿ, ತಮ್ಮೆದುರಿನ ಮೇಣದಬತ್ತಿ ಆರಿಸಿ ಎದ್ದು ಹೋಗೋದು. ಕಡೆಗೆ ಉಳಿದದ್ದು ಎರಡು ಪಿಟೀಲು. ಮರುದಿನವೇ ಎಲ್ಲರೂ ಊರಿಗೆ ಹೊರಟರಂತೆ. ಒಂದೇ ರಾತ್ರಿಯಲ್ಲಿ ರಜೆ ಮಂಜೂರು! ನಮ್ಮ ನೌಕರರ ಸಂಘಗಳು ಇನ್ನೂ ಘೋಷಣೆ ಕೂಗ್ತಾ ಕೂತಿವೆ.

1790ರಲ್ಲಿ ಧಣಿ ತೀರಿಕೊಂಡರು, ವಾದ್ಯವೃಂದ ಬರಖಾಸ್ತಾಯಿತು. ಹೈಡನ್‌ಗೆ ಮಾತ್ರ ಹುದ್ದೆಯ ಹೆಸರು ಉಳೀತು, ಪೆನ್ಷನ್ ಬಂತು, ಕೆಲಸ ಇಲ್ಲ. ನೇರ ಲಂಡನ್‌ಗೆ ಹೋಗಿ ಎರಡನೇ ಇನ್ನಿಂಗ್ಸ್ ಶುರು ಮಾಡಿ ಚೆನ್ನಾಗಿ ಸಂಪಾದಿಸಿದರು. ಇನ್ನೂ ಅನುಮಾನ ಇದೆಯಾ?

ಆದರೂ ಅಸಲಿ ಸಾಕ್ಷಿ ಸಿಕ್ಕಿದ್ದು ಸತ್ತ ಮೇಲೆ. 1809ರಲ್ಲಿ ವಿಯೆನ್ನಾದಲ್ಲಿ ಹೂಳಿದರು. 1820ರಲ್ಲಿ ಐಸೆನ್‌ಸ್ಟಾಟ್‌ಗೆ ವರ್ಗಾವಣೆ ಮಾಡೋಣ ಅಂತ ಪೆಟ್ಟಿಗೆ ತೆಗೆದರೆ ತಲೆಯೇ ಇಲ್ಲ! ಬುರುಡೆ ನೋಡಿ ಬುದ್ಧಿ ಅಳೆಯುವ ಶಾಸ್ತ್ರದ ಮರುಳಿಗೆ ಬಿದ್ದು ಅದನ್ನು ಕದ್ದವರಲ್ಲಿ ಒಬ್ಬ ಅದೇ ಮನೆತನದ ಮಾಜಿ ಕಾರ್ಯದರ್ಶಿ. ಒಳಗಿನವರ ಕೈವಾಡ ಇಲ್ಲದೆ ಫೈಲ್ ಕಾಣೆಯಾಗುತ್ತಾ? ಹುಡುಕಿಕೊಂಡು ಬಂದಾಗ ಬುರುಡೆ ಹಾಸಿಗೆಯೊಳಗೆ, ಅದರ ಮೇಲೆ ಅವನ ಹೆಂಡತಿ ಮಲಗಿದ್ದಳಂತೆ. ಒತ್ತಾಯ ಜಾಸ್ತಿಯಾದಾಗ ಬೇರೆ ಯಾರದ್ದೋ ಬುರುಡೆ ಕೊಟ್ಟು ಕಳಿಸಿದರು. ಡೂಪ್ಲಿಕೇಟ್ ಕಾಪಿ.

ಮೂಲ ಪ್ರತಿ ಕೈಯಿಂದ ಕೈಗೆ ದಾಟಿ, ವಿಯೆನ್ನಾದ ಸಂಗೀತ ಸಂಘ ಸೇರಿ, 1954ರಲ್ಲಿ ಸಮಾಧಿಗೆ ಬಂತು. ಬರೀ 145 ವರ್ಷ. ನಕಲನ್ನು ಯಾರೂ ವಾಪಸ್ ತೆಗೆಯಲಿಲ್ಲ. ಈಗ ಒಬ್ಬರಿಗೆ ಎರಡು ತಲೆ. ಆಡಿಟ್‌ನವರು ಇನ್ನೂ ಆಕ್ಷೇಪಣೆ ಎತ್ತಿಲ್ಲ.